ಇಪ್ಪತ್ನಾಲ್ಕು ಹರಳು

ಗೇಮ್ ಆಡೋ ಮಕ್ಕಳಿರೋ ಮನ್ಯಾಗ ಅವ್ವಂದಿರಿಗೆ ಕೆಲವು ಹೆಸರು ಬ್ಯಾಡ ಅಂದ್ರೂ ಬಾಯಿಪಾಠ ಆಗಿಬಿಡ್ತಾವ ನೋಡ್ರಿ. ನನಗ ಹಂಗ ಆಗಿರೋ ಹೆಸರು ಬರೆಂಜಾಯ. ಮೊದಲ ಸಲ ಕೇಳಿದಾಗ ಯಾವ್ದೋ ಬಿಪಿ ಗುಳಿಗಿ ಇರಬೇಕು ಅನ್ಕೊಂಡಿದ್ದೆ. ಅಲ್ಲಂತ, ಅಕಿ ಒಬ್ಬ ರಾಣಿ. ಸ್ಕೈರಿಮ್ ಅನ್ನೋ ಗೇಮಿನ್ಯಾಗಿನ ರಾಣಿ. ಅದರಾಗ ಅಕಿ ಖುದ್ದ ಎಲ್ಲೂ ಬರಂಗಿಲ್ಲ, ಅಕಿ ಕಿರೀಟದಾಗಿಂದ ಕಳುವಾದ ಇಪ್ಪತ್ನಾಲ್ಕು ಹರಳು ಅಷ್ಟೇ ಬರ್ತಾವ. ಅವನ್ನ ಹುಡುಕೋದ್ರಾಗ ನಮ್ಮ ಸಣ್ಣ ಮಗಂದು ಹೋದ ವರ್ಷದ ಬ್ಯಾಸಗಿ ಪೂರಾ ಹೋತು.

ಅವನ ಡಿಗ್ರಿ ಮುಗಿದು ಮೂರು ವರ್ಷಾತು. ಪಿಡಿಒ, ಎಫ್‌ಡಿಎ ಅಂತ ಪರೀಕ್ಷಾಕ್ಕ ಓದ್ತಾನ. ಹಗಲೆಲ್ಲಾ ಓದಿ, ರಾತ್ರಿ ಊಟ ಆದಮ್ಯಾಲ ಅವರಕ್ಕ ಕೊಡಿಸಿದ ಹಳೇ ಲ್ಯಾಪ್‌ಟಾಪ್ ಮುಂದ ಎರಡು ತಾಸು ಕೂಡ್ತಾನ. ಅವರಪ್ಪಗ ಇದು ಬಿಲ್ಕುಲ್ ಸೇರಂಗಿಲ್ಲ. ನನ್ನ ಲೆಕ್ಕ ಬ್ಯಾರೆ. ಹೊರಗ ಬಸ್‌ಸ್ಟ್ಯಾಂಡ್ ಕಡಿ ಹೋಗಿ ನಿಂದ್ರೋದಕ್ಕಿಂತ ಮನ್ಯಾಗ ಕಣ್ಮುಂದ ಇರ್ತಾನಲ್ಲ. ನಾನೂ ಅವನ ಬಾಜೂಕ ಶೇಂಗಾ ಸುಲಕೋತ ಕೂಡ್ತೀನಿ. ಹಂಗ ಕೂತು ಕೂತು ಕಲತದ್ದು ಇದೆಲ್ಲ.

ಈ ಸ್ಕೈರಿಮ್ ಬಂದದ್ದು 2011ರ ನವೆಂಬರ್ 11ಕ್ಕ, ಅಮೆರಿಕದ ಬೆಥೆಸ್ಡಾ ಅನ್ನೋ ಕಂಪನಿ ಮಾಡಿದ್ದು. ರೋಲ್ ಪ್ಲೇಯಿಂಗ್ ಅಂತಾರ ಇಂಥಾ ಆಟಕ್ಕ. ನಮ್ಮ ಕಡಿ ದೊಡ್ಡಾಟದಾಗ ಅರ್ಜುನನ ಪಾರ್ಟು ಹಿಡಿದಾಂವ ಬೆಳತನಕ ಅರ್ಜುನನೇ ಆಗಿರ್ತಾನಲ್ಲ, ಹಂಗ. ಆದ್ರ ಇಲ್ಲಿ ಮಾಸ್ತರ ಇಲ್ಲ, ಇದೇ ಹಾದಿ ಹಿಡಿ ಅಂತ ಗದರಿಸೋರಿಲ್ಲ. ಗುಡ್ಡ, ಹಿಮ, ಊರು, ಗವಿ, ಎಲ್ಲಿ ಬೇಕಾದ್ರೂ ತಿರುಗಾಡ್ಕೋತ ಹೋಗಬಹುದು. ಡ್ರ್ಯಾಗನ್ ಹೊಡಿಯೋ ದೊಡ್ಡ ಕೆಲಸ ಬ್ಯಾರೆ ಅದ. ಅದನ್ನ ಬಿಟ್ಟು ವರ್ಷಗಟ್ಟಲೆ ಊರೂರು ತಿರುಗಿದ್ರೂ ಯಾರೂ ಕೇಳಂಗಿಲ್ಲ. ಸರ್ಕಾರಿ ಪರೀಕ್ಷಾದ ತಾರೀಖು ಮುಂದೂಡಿದಂಗ ಡ್ರ್ಯಾಗನ್ನೂ ಕಾದುಕೊಂಡಿರ್ತದ.

ಹಿಂಗ ತಿರುಗೋವಾಗ ಒಂದಿನ ಯಾರದೋ ಕೋಣ್ಯಾಗ ಒಂದು ಸಣ್ಣ ಡಬ್ಬಿ ಕಾಣ್ತದ. ಬಂಗಾರದ ಬಣ್ಣದ್ದು, ಮುಚ್ಚಳ ತೆರೆದಿರ್ತದ, ಒಳಗ ಗುಲಾಬಿ ಛಾಯಾದ ಹರಳು. ‘ಅನ್‌ಯೂಶುವಲ್ ಜೆಮ್’ ಅಂತ ಹೆಸರು ಬರ್ತದ, ಅಪರೂಪದ ಹರಳು ಅಂತ. ಕೈಯಾಗ ತಗೊಂಡ್ರಿ ಅಂದ್ರ ಮುಗೀತು, ನಿಮ್ಮ ಕೆಲಸದ ಪಟ್ಟಿಯಾಗ ಒಂದು ಹೊಸಾದು ಸೇರಿತು: ಇದನ್ನ ಬಲ್ಲವರಿಗೆ ತೋರಿಸು. ಅದನ್ನ ಮಾರಲಿಕ್ಕೆ ಬರಂಗಿಲ್ಲ, ಬ್ಯಾಡಂತ ನೆಲಕ್ಕ ಒಗಿಲಿಕ್ಕೂ ಬರಂಗಿಲ್ಲ. ರಿಫ್ಟನ್ ಅನ್ನೋ ಊರಾಗ ನೆಲದ ಬುಡಕ ಕಳ್ಳರ ಅಡ್ಡಾ ಅದ, ಅಲ್ಲಿ ವೆಕ್ಸ್ ಅನ್ನಾಕಿ ಒಬ್ಬಾಕಿ. ಮಾತು ಬಲು ಖಾರ ಅಕಿದು. ಅಕಿಗೆ ತೋರಿಸಿದ್ರ ಗೊತ್ತಾಗ್ತದ, ಇದು ಬರೆಂಜಾಯ ರಾಣಿ ಕಿರೀಟದ ಹರಳು, ಇಂಥಾವು ಒಟ್ಟು ಇಪ್ಪತ್ನಾಲ್ಕು, ಎಲ್ಲಾ ತಂದ್ರಷ್ಟೇ ಬೆಲಿ, ಒಂದೊಂದೇ ತಂದ್ರ ಕವಡಿ ಕಿಮ್ಮತ್ತಿಲ್ಲ.

ಎಲ್ಲದಾವ ಅಂತ ಹೇಳ್ತಾಳೇನು? ಇಲ್ಲ. ಆ ಗೇಮಿನ್ಯಾಗ ಬ್ಯಾರೆ ಕೆಲಸಕ್ಕೆಲ್ಲಾ ನಕಾಶದ ಮ್ಯಾಲ ಬಾಣದ ಗುರುತು ಬರ್ತದ, ಕುರುಡರೂ ಹೋಗಿ ಮುಟ್ಟಬಹುದು. ಈ ಹರಳಿಗೆ ಮಾತ್ರ ಗುರುತಿಲ್ಲ. ಒಂದು ಅರಮನಿ ಮಲಗೋ ಕೋಣ್ಯಾಗ, ಒಂದು ಹೆಣ ಇಡೋ ನೆಲಮನ್ಯಾಗ, ಒಂದು ಹಡಗಿನ್ಯಾಗ, ಒಂದು ಮಾಟಗಾರರ ಮಠದ ದೊಡ್ಡಾಂವನ ಖೋಲ್ಯಾಗ, ಉಳಿದಾವು ಗವಿಗೊಂದು ಗುಡ್ಡಕ್ಕೊಂದು. ಹುಡುಕೋ ಮಂದಿ ಎಷ್ಟು ಹೈರಾಣಾದ್ರಂದ್ರ, ಆಡೋರೇ ಯಾರೋ ಗುರುತು ತೋರಿಸೋ ಜೋಡಣಿ ಒಂದು ತಯಾರು ಮಾಡಿ ಇಂಟರ್ನೆಟ್ಟಿಗೆ ಹಾಕ್ಯಾರ. ನಮ್ಮಾಂವ ಅದನ್ನ ಹಾಕ್ಕೊಂಡಿಲ್ಲ. ‘ಪುಸ್ತಕ ನೋಡಿ ಪರೀಕ್ಷಾ ಬರದಂಗ ಆಗ್ತದವ್ವಾ’ ಅಂತಾನ. ಈ ಬುದ್ಧಿ ಇದ್ದದ್ದಕ್ಕೇ ನಾ ಅವನ ಆಟಕ್ಕ ಅಡ್ಡ ಬರದಿದ್ದದ್ದು.

ಇಂಥಾ ಕೂಡಿಹಾಕೋ ಚಟದ ಗೇಮ್ ಇದೊಂದೇ ಅಲ್ಲ. ಸೆಲ್ಡಾ ಅಂತ ಜಪಾನಿನದ್ದು ಒಂದದ, 2017ರಾಗ ಬಂದದ್ದು. ಅದರಾಗ ಕೊರೊಕ್ ಬೀಜ ಅಂತ 900 ಬೀಜ ಹುಡುಕಬೇಕು. ಅರ್ಧದಷ್ಟು ಸಿಕ್ಕ್ರೇ ಬೇಕಾದ ಉಪಯೋಗ ಎಲ್ಲಾ ಆಗಿಬಿಡ್ತದ, ಆದ್ರೂ ಮಂದಿ ಒಂಬೈನೂರೂ ಹುಡುಕ್ತಾರ. ಕಡೀಕ ಇನಾಮು ಏನು ಕೊಡ್ತಾರ ಅಂದ್ರ, ಬಂಗಾರದ ಬಣ್ಣದ್ದು, ಆಕಾರ... ಹೆಂಗ ಹೇಳ್ಲಿ, ಸಣ್ಣ ಹುಡುಗ್ರು ಅಂಗಳದಾಗ ಕೂತು ಎದ್ದು ಹೋದಮ್ಯಾಲ ಉಳಿತದಲ್ಲ, ಅದು. ನಾ ನಕ್ಕು ನಕ್ಕು ಶೇಂಗಾ ಬುಟ್ಟಿ ಉಳ್ಳಿಸಿದ್ದೆ.

ಇರ್ಲಿ, ಈಗ ನಮ್ಮಣ್ಣನ ಮಾತಿಗೆ ಬರ್ತೀನಿ. ಅವನಿಂದಾನೇ ಇದೆಲ್ಲ ಬರೀಬೇಕು ಅನ್ನಿಸಿದ್ದು.

ಅಣ್ಣ ಇರೋದು ಮಾನ್ವಿ ಕಡಿ ಹಳ್ಳ್ಯಾಗ. ಐದು ಎಕರೆ ಎರೆ ಹೊಲ, ಹತ್ತಿ, ತೊಗರಿ. ಅವನಿಗೆ ಹದಿನಾಲ್ಕು ವರ್ಷದಿಂದ ಒಂದು ಗೀಳದ. ರೋಹಿಣಿ ಮಳಿ ಬಿದ್ದು ಮಿರಗ ಕೂಡ್ತು ಅಂದ್ರ, ಊರವ್ರೆಲ್ಲಾ ಕೂರಿಗಿ ತೆಗೀತಾರ, ಇವ ಚೀಲ ತೆಗೀತಾನ. ರಾಯಚೂರು, ಮಂತ್ರಾಲಯ, ಆದೋನಿ, ಪತ್ತಿಕೊಂಡ ಹಿಡಿದು ಜೊನ್ನಗಿರಿಗೆ ಹೋಗ್ತಾನ, ವಜ್ರ ಹುಡುಕಲಿಕ್ಕೆ.

ನಗಬ್ಯಾಡ್ರಿ, ಇದು ಖರೇನೇ. ತುಂಗಭದ್ರಾ ದಾಟಿದ್ರ ಆಂಧ್ರದ ಕರ್ನೂಲ್ ಜಿಲ್ಲಾ. ಅಲ್ಲಿ ಜೊನ್ನಗಿರಿ, ತುಗ್ಗಲಿ, ಮದ್ದಿಕೇರ, ಪೆರವಲಿ ಸುತ್ತಮುತ್ತ ಹೊಲದಾಗ ಮುಂಗಾರಿ ಮಳಿ ಮಣ್ಣು ತೊಳೆದಮ್ಯಾಲ ವಜ್ರ ಮ್ಯಾಲ ಬರ್ತಾವ. ಪಕ್ಕದ ಅನಂತಪುರ ಜಿಲ್ಲಾದಾಗ ವಜ್ರಕರೂರು ಅಂತ ಊರೇ ಅದ. ಅಲ್ಲಿ ನೆಲದ ಬುಡಕ ಕಿಂಬರ್ಲೈಟ್ ಅನ್ನೋ ಕಲ್ಲಿನ ಕೊಳವಿ ಅದಾವಂತ. ಭೂಮಿ ಒಳಗ ನೂರೈವತ್ತು ಕಿಲೋಮೀಟರಿಗಿಂತ ಆಳದಾಗ ಹುಟ್ಟಿದ ವಜ್ರನ್ನ, ಕೋಟಿಗಟ್ಟಲೆ ವರ್ಷದ ಹಿಂದ ಕರಗಿದ ಕಲ್ಲು ಮ್ಯಾಲ ಹೊತ್ತು ತಂದದ. ಆ ಕಲ್ಲು ಸವೆದು ಮಳಿ ನೀರಿಗೆ ಹರಕೊಂಡು ಹೋಗಿ ಹೊಲ, ಹಳ್ಳ ಎಲ್ಲಾ ಕಡಿ ಚೆಲ್ಲಾಪಿಲ್ಲಿ ಆಗ್ಯಾವ. ಕೃಷ್ಣಾ ದಂಡಿ ಮ್ಯಾಲಿನ ಕೊಲ್ಲೂರಾಗೇ ಕೊಹಿನೂರು ಸಿಕ್ಕದ್ದು ಅಂತಾರಲ್ಲ, ಅದೇ ಕೃಷ್ಣಾ ನಮ್ಮ ದೇವದುರ್ಗ ತಾಲೂಕು ಮುಟ್ಟಿಕೊಂಡೇ ಮುಂದ ಹೋಗ್ತಾಳ. ಹೊಳಿ ಒಂದೇ, ನಸೀಬು ಮಾತ್ರ ಕೆಳಗಿನ ಮಂದಿಗೆ.

ಹಂಗ ನೋಡಿದ್ರ ನಮ್ಮ ಜಿಲ್ಲಾದ ಮಣ್ಣಿಗೂ ಈ ಹುಡುಕಾಟದ ಹುಚ್ಚು ಹೊಸದಲ್ಲ. ಹಟ್ಟಿಯಾಗ ಎರಡು ಸಾವಿರ ವರ್ಷದ ಹಿಂದೇ ಮಂದಿ ನೂರಾರು ಅಡಿ ಕೆಳಗಿಳಿದು ಬಂಗಾರ ತೆಗೆದಾರ, ಮಷೀನಿಲ್ಲ, ಕರೆಂಟಿಲ್ಲ. 1915ರಾಗ ಮಸ್ಕಿಯಾಗ ಬೀಡನ್ ಅಂತ ಗಣಿ ಎಂಜಿನಿಯರು ಬಂಗಾರದ ಸುಳಿವು ಹುಡುಕ್ಕೋತ ಬಂದಾಂವ, ಅವನಿಗೆ ಸಿಕ್ಕದ್ದು ಬಂಡಿಗಲ್ಲಿನ ಮ್ಯಾಲಿನ ಅಕ್ಷರ. ಓದಿ ನೋಡಿದ್ರ ಅಶೋಕನ ಶಾಸನ. ಅಲ್ಲಿತನಕ ಸಿಕ್ಕ ಶಾಸನದಾಗೆಲ್ಲಾ ಬಿರುದು ಇತ್ತು, ಹೆಸರಿದ್ದಿಲ್ಲ. ಅಶೋಕ ಅನ್ನೋ ಹೆಸರು ಮೊದಲ ಕಾಣಿಸಿದ್ದು ನಮ್ಮ ಮಸ್ಕಿ ಕಲ್ಲಿನ್ಯಾಗ. ಶಾಲಿ ಟ್ರಿಪ್ಪಿನ್ಯಾಗ ಮಗನ್ನ ಕರಕೊಂಡು ಹೋದಾಗ ಮಾಸ್ತರು ಇದನ್ನ ಹೇಳಿದ್ರಂತ, ಅವ ಮನಿಗೆ ಬಂದು ‘ಬಂಗಾರ ಸಿಗಲಿಲ್ಲಂತ ಪಾಪ’ ಅಂದಿದ್ದ.

ನಮ್ಮಣ್ಣನ ಗೀಳು ಹಚ್ಚಿಸಿದ್ದೂ ಸುಮ್ನ ಸಿಕ್ಕ ಒಂದು ಹರಳೇ. ಹದಿನಾಲ್ಕು ವರ್ಷದ ಹಿಂದ ಪತ್ತಿಕೊಂಡ ಕಡಿ ಒಂದು ಮದುವಿಗೆ ಹೋಗಿದ್ದ. ಮುಂಜಾನೆ ಹೊಲದ ಕಡಿ ಹೋದಾಂವಗ ಚಪ್ಪಲಿ ತಳದಾಗ ಏನೋ ಚುಚ್ಚಿತು, ತೆಗೆದು ನೋಡಿದ್ರ ಹೊಳಪಿನ ಕಲ್ಲು. ಬೀಗರೊಬ್ಬರು ವ್ಯಾಪಾರಿ ಹತ್ರ ಕರಕೊಂಡು ಹೋದ್ರು. ಮೂವತ್ತೆರಡು ಸಾವಿರ ಕೊಟ್ರಂತ. ಆ ರೊಕ್ಕದಾಗ ಮನಿ ಮ್ಯಾಲ ಪತ್ರಾಸು ಹಾಕಿಸಿದ. ಅವತ್ತಿಂದ ಇವತ್ತಿನ ತನಕ ಇನ್ನೊಂದು ಸಿಕ್ಕಿಲ್ಲ. ನಮ್ಮ ವೈನಿ ಅಂತಾಳ, ‘ಆ ಪತ್ರಾಸೇ ನನ್ನ ಸವತಿ ಆಗ್ಯಾದ ನೋಡು. ರೋಹಿಣಿ ಮಳಿ ಅದರ ಮ್ಯಾಲ ಟಪಟಪ ಅಂತಿದ್ದಂಗ ಇವ್ರಿಗೆ ನಿದ್ದಿ ಹರೀತದ.’

ಬಿತ್ತೋ ಹೊತ್ತಿನ್ಯಾಗ ಗಂಡಸು ಮನ್ಯಾಗ ಇಲ್ಲ ಅಂದ್ರ ಏನು ಅನ್ನೋದು ಒಕ್ಕಲುತನದವ್ರಿಗಷ್ಟೇ ಗೊತ್ತು. ಹದ ನಾಲ್ಕು ದಿನ ಇರ್ತದ, ಐದನೇ ದಿನ ಇರಂಗಿಲ್ಲ. ಎತ್ತು ಯಾರವು, ಟ್ರ್ಯಾಕ್ಟರ್ ಯಾವಾಗ ಸಿಗ್ತದ, ಬೀಜ ಉದ್ರಿ ಕೊಡ್ತಾರೋ ಇಲ್ಲೋ, ಎಲ್ಲಾ ವೈನಿ ಒಬ್ಬಾಕಿ ತಲಿ ಮ್ಯಾಲ. ಎರಡು ಸಲ ಬಿತ್ತಿಗಿ ತಡ ಆಗಿ ಹತ್ತಿ ಕೈಕೊಟ್ಟಿತ್ತು. ಸೊಸಿ ಬಾಣಂತನ ಇದ್ದ ವರ್ಷನೂ ಅಣ್ಣ ಹೋಗಿದ್ದ.

ಹೋದ ಬ್ಯಾಸಗ್ಯಾಗ ಅವನಿಗೆ ರಾಯಚೂರಾಗ ಕಣ್ಣಿನ ಪೊರಿ ಆಪರೇಶನ್ ಆತು. ಊರಿಗೆ ಹೋದ್ರ ಧೂಳಾಗ ಹೊಲಕ್ಕ ಹೋಗ್ತಾನಂತ ವೈನಿ ನಮ್ಮ ಮನಿಗೇ ಕಳಿಸಿದ್ಲು. ಕರಿ ಕನ್ನಡಕ ಹಾಕ್ಕೊಂಡು, ಮೂರು ಹೊತ್ತು ಹನಿ ಬಿಡಿಸಿಕೊಂಡು, ಜ್ವಾಳದ ರೊಟ್ಟಿ ಪುಂಡಿಪಲ್ಯ ಉಂಡು ಕೂಡಬೇಕು. ಎರಡೇ ದಿನಕ್ಕ ಬ್ಯಾಸರ ಆತು. ಮೂರನೇ ದಿನ ರಾತ್ರಿ ಅಳಿಯನ ಬಾಜೂಕ ಕುರ್ಚಿ ಎಳಕೊಂಡು ಕೂತ. ಕಣ್ಣಿಗೆ ತ್ರಾಸು ಕೊಡಬ್ಯಾಡ ಅಂತ ನಾ ಒದರಿದ್ದು ಯಾರಿಗೆ ಕೇಳಬೇಕು.

ಮಗ ಹರಳಿನ ಕತಿ ಹೇಳಿದ. ಅಣ್ಣ ಒಂದೊಂದೇ ಪ್ರಶ್ನಿ ಕೇಳಿದ, ತಹಸೀಲ್ದಾರ್ ಪಂಚನಾಮಿ ಮಾಡಿದಂಗ. ಅಲ್ಲಿ ಮಳಿ ಬರ್ತದೇನು? ಬರ್ತದ ಮಾವ. ಬಂದಮ್ಯಾಲ ಹರಳು ಜಾಗಾ ಬದಲಾಗ್ತದೇನು? ಇಲ್ಲ, ಎಲ್ಲಿಟ್ಟಾರೋ ಅಲ್ಲೇ. ಯಾರು ಇಟ್ಟವ್ರು? ಕಂಪನಿಯವ್ರು. ಮತ್ತೊಬ್ರು ನಿನಗಿಂತ ಮೊದಲ ತಗೊಂಡು ಹೋಗಿದ್ರ? ನನ್ನ ಆಟದಾಗ ನಾ ಒಬ್ಬನೇ ಹುಡುಕಾಂವ ಮಾವ, ನನ್ನವು ನನಗೇ ಇರ್ತಾವ.

ಅಣ್ಣ ಬಹಳ ಹೊತ್ತು ಸುಮ್ನಿದ್ದ. ಆಮ್ಯಾಲ, ‘ಇಪ್ಪತ್ನಾಲ್ಕೇ ಅಂತ ಖಾತ್ರಿ ಏನು?’ ಅಂದ. ಮಗ ಪರದೆ ಮ್ಯಾಲ ತೋರಿಸಿದ. ಇಪ್ಪತ್ನಾಲ್ಕರಾಗ ಇಷ್ಟು ಸಿಕ್ಕಾವ ಅಂತ ಬರದಿರ್ತದ. ಅವತ್ತಿಗೆ ಹತ್ತೊಂಬತ್ತು.

‘ನಮ್ಮ ಕಡಿ ಯಾರರ ಒಬ್ರು ಇಷ್ಟೇ ಉಳದಾವ, ಇಲ್ಲಿ ಒಂದೂ ಇಲ್ಲ ಅಂತ ಹೇಳಿದ್ರ’ ಅಂದ ಅಣ್ಣ, ‘ನಾ ಅವತ್ತೇ ಬಿಟ್ಟುಬಿಡ್ತಿದ್ದೆ.’

ನನ್ನ ಕೈಯಾಗಿನ ಶೇಂಗಾ ಅಲ್ಲೇ ನಿಂತವು. ಹದಿನಾಲ್ಕು ವರ್ಷದಾಗ ಅವನ್ನ ಬೈದವ್ರು ಬಹಳ, ನಾನೂ ಅವರಾಗ ಒಬ್ಬಾಕಿ, ಆದ್ರ ಅವ ಯಾಕ ಬಿಡವಲ್ಲ ಅಂತ ಅವನ ಬಾಯಿಂದ ಕೇಳಿದ್ದು ಅದೇ ಮೊದಲು. ನಾವೆಲ್ಲಾ ಆಸೆಬುರುಕ ಅನ್ಕೊಂಡಿದ್ದಿವಿ. ಆಸೆ ಅಲ್ಲ ಅದು. ಲೆಕ್ಕ ಇಲ್ಲದ್ದನ್ನ ಎಲ್ಲಿಗೆ ನಿಲ್ಲಿಸಬೇಕು ಅನ್ನೋದು ಗೊತ್ತಾಗವಲ್ದು. ಗೇಮ್ ಮಾಡಿದ ಮಂದಿ ಗುರುತು ಕೊಡದಿದ್ರೂ ಎಣಿಕಿ ಕೊಟ್ಟಾರ; ಹುಡುಗ ಎಷ್ಟೇ ಹೈರಾಣಾದ್ರೂ ಇನ್ನು ಐದು, ಇನ್ನು ನಾಲ್ಕು ಅಂತ ನಿದ್ದಿ ಮಾಡ್ತಾನ. ಆ ಹೊಲದಾಗ ಕಟ್ಟಕಡೀ ವಜ್ರ ಸಿಕ್ಕು ಹೋಗಿದ್ರೂ ಅದೇ ಕಟ್ಟಕಡೀದು ಅಂತ ಹೇಳೋರು ಯಾರು? ಪರೀಕ್ಷಾ ಓದೋರ ಪಾಡೂ ಇದರ ನಡುವ ಎಲ್ಲೋ ಅದ ಅನ್ನಿಸ್ತದ ನನಗ. ಹುದ್ದೆ ಎಷ್ಟು ಅಂತ ಹಾಕಿರ್ತಾರ, ಎಷ್ಟು ವರ್ಷ ಅಂತ ಹಾಕಿರಂಗಿಲ್ಲ.

ಮುಂದಿನ ಹತ್ತು ದಿನ ಮಾವ ಅಳಿಯ ಕೂಡೇ ಹುಡುಕಿದ್ರು. ಅಣ್ಣಗ ಒಂದು ಅಭ್ಯಾಸ ಅದ, ಜಾಗಾನ್ನ ಪಟ್ಟಿ ಪಟ್ಟಿ ಮಾಡಿ ನೋಡೋದು, ನೋಡಿದ ಪಟ್ಟಿಗೆ ತಿರುಗಿ ಬರಂಗಿಲ್ಲ. ‘ಎಡಕ್ಕ ನೋಡಿಲ್ಲ ನೀ, ಆ ಮಂಚದ ತಲಿಕಡಿ ನೋಡು’ ಅಂತ ಕೂತಲ್ಲಿಂದ ಹೇಳ್ತಿದ್ದ. ಹಂಗ ಒಂದು ಗವಿಯಾಗ ಮಗ ಬಿಟ್ಟು ಬಂದಿದ್ದ ಹರಳು ಸಿಕ್ಕೇ ಬಿಡ್ತು. ಅವತ್ತು ಅವನ ಮುಖ ನೋಡಬೇಕಿತ್ತು ನೀವು. ಆಪರೇಶನ್ ಆದ ಕಣ್ಣಾಗೂ ನೀರು. ಹನಿ ಬಿಟ್ಟದ್ದು ಅಂದ.

ಮಿರಗ ಕೂಡಿತು. ನಾವ್ಯಾರೂ ಅನ್ಕೊಂಡಂಗ ಆಗಲಿಲ್ಲ, ಅಣ್ಣ ಹೋದ. ಕಣ್ಣು ನೆಟ್ಟಗಾಗಿದ್ವಲ್ಲ, ಈ ಸಲ ಚಲೋ ಕಾಣ್ತದ ಅಂದ. ಒಬ್ಬನ್ನ ಕಳಿಸಲಿಕ್ಕೆ ಆಗಲಾರದ್ದಕ್ಕ ಮಗನ್ನ ಸಂಗಟ ಕಳಿಸಿದೆ. ನಮ್ಮ ಮನಿಯವ್ರು ನನ್ನ ಸಂಗಟ ಎರಡು ದಿನ ಮಾತು ಬಿಟ್ಟಿದ್ರು.

ಮಗ ಬಂದು ಹೇಳಿದ್ದು: ಹುಣಸಿಮರದ ಬುಡಕ, ಗುಡಿ ಕಟ್ಟಿ ಮ್ಯಾಲ, ಶಾಲಿ ಪಡಸಾಲ್ಯಾಗ ಮಂದಿಯೋ ಮಂದಿ. ಒಲಿ, ಬುತ್ತಿ, ತಾಡಪತ್ರಿ, ಕೂಸು ಕಟ್ಟಿಕೊಂಡ ಹೆಣ್ಮಕ್ಕಳು. ತೆಲುಗು ಮಂದಿ ಬಹಳ, ನಮ್ಮ ಬಳ್ಳಾರಿ, ರಾಯಚೂರು ಕಡಿಯವ್ರೂ ಅದಾರ. ಸೂರ್ಯಾ ಹುಟ್ಟೋ ಹೊತ್ತಿಗೆ ಎಲ್ಲಾರೂ ಬಗ್ಗಿಕೊಂಡು ನಡೀತಾರ, ಬಿಸಲು ಓರೆ ಬಿದ್ದಾಗ ಹರಳು ಮಿಂಚತಾವಂತ. ಮಾತಿಲ್ಲ ಕತಿಯಿಲ್ಲ. ಕೆಲವು ರೈತರು ಹೊಲಕ್ಕ ಮುಳ್ಳು ಹಚ್ಚಿ ಒಳಗ ಬಿಡಂಗಿಲ್ಲ, ಪಾಪ ಅವರಿಗೂ ಬಿತ್ತಿಗಿ ಇರ್ತದಲ್ಲ. ಯಾರಿಗರ ಸಿಕ್ಕ್ರೂ ಸಿಕ್ಕಿತು ಅನ್ನಂಗಿಲ್ಲ, ಗಪ್‌ಚುಪ್ ವ್ಯಾಪಾರಿ ಕಡಿ ಹೋಗ್ತಾರ. ಹಂಗಾಗಿ ಎಷ್ಟು ಸಿಕ್ಕವು ಅನ್ನೋದೂ ಅಲ್ಲಿ ಯಾರಿಗೂ ಲೆಕ್ಕ ಸಿಗಂಗಿಲ್ಲ. ಮಗನಿಗೂ ಒಂದು ಹೊಳಿಯೋ ಕಲ್ಲು ಸಿಕ್ಕಿತ್ತಂತ. ಮಾವ ಅದರ ಮ್ಯಾಲ ಬಾಯಿಂದ ಹಾ ಅಂತ ಉಸಿರು ಬಿಟ್ಟು ತೋರಿಸಿದ್ನಂತ. ವಜ್ರ ಇದ್ರ ಮಂಜು ಕಣ್ಣು ಪಿಳುಕಿಸೋದ್ರಾಗ ಹೋಗ್ತದ. ಇದರ ಮ್ಯಾಲ ನಿಂತೇ ಇತ್ತು.

ಒಂಬತ್ತನೇ ದಿನಕ್ಕ ತಿರುಗಿ ಬಂದ್ರು. ಅಷ್ಟೊತ್ತಿಗೆ ವೈನಿ ಐದೂ ಎಕರೆ ಬಿತ್ತಿ ಮುಗಿಸಿದ್ಲು.

ಆಮ್ಯಾಲ ಒಂದು ತಿಂಗಳಿಗೆ ಮಗನಿಗೆ ಇಪ್ಪತ್ನಾಲ್ಕನೇದೂ ಸಿಕ್ಕಿತು. ಅದು ಒಂದು ಮನಿ ಒಳಗ ಇತ್ತು, ಆ ಮನಿ 25,000 ಬಂಗಾರದ ನಾಣ್ಯ ಕೊಟ್ಟು ಖರೀದಿ ಮಾಡಿದ. ಒಂದು ಹರಳಿನ ಸಲುವಾಗಿ ಮನಿ ತಗೊಳ್ಳಾಂವ ಇವನೇ. ಹರಳೆಲ್ಲಾ ಕೂಡಿದಮ್ಯಾಲ ವೆಕ್ಸ್ ಇನ್ನೊಂದು ಗವಿಗೆ ಕಳಿಸಿ ಕಿರೀಟ ತರಿಸಿದ್ಲು. ತಂದು ಕೊಟ್ರ ಅದನ್ನ ಕಳ್ಳರ ಅಡ್ಡಾದಾಗ ನೋಡಲಿಕ್ಕೆ ಇಟ್ಟುಬಿಟ್ರು, ತಲಿ ಮ್ಯಾಲ ಇಟ್ಟುಕೊಳ್ಳಾಕ ಬರಂಗಿಲ್ಲ. ಇನಾಮು ಏನಂದ್ರ, ಇನ್ನ ಮುಂದ ಪೆಟ್ಟಿಗಿ ತೆರೆದಾಗ ಅವನಿಗೆ ಹೆಚ್ಚೆಚ್ಚು ಹರಳು ಸಿಗ್ತಾವಂತ. ಇದನ್ನ ಅಣ್ಣಗ ಫೋನಿನ್ಯಾಗ ಹೇಳಿದಾಗ ಅವ ಕೆಮ್ಮು ಬರೋ ತನಕ ನಕ್ಕ. ‘ಹರಳು ಹುಡುಕಿದ್ದಕ್ಕ ಮತ್ತ ಹರಳೇ ಏನಲೇ?’

ಮೊನ್ನೆ ಸಂಕ್ರಾಂತಿಗೆ ವೈನಿ ಬಂದಿದ್ಲು, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಕಟ್ಟಿಕೊಂಡು. ಎಣಿಕಿ ಮಾತು ಅಣ್ಣ ಅಕಿ ಮುಂದೂ ಆಡಿದ್ನಂತ. ಏಳನೇತ್ತೆ ಓದಿದಾಕಿ ಅಕಿ, ಹಾಲಿನ ಲೆಕ್ಕ, ಆಳಿನ ಲೆಕ್ಕ ಎಲ್ಲಾ ಕ್ಯಾಲೆಂಡರಿನ ಮ್ಯಾಲೇ ಬರೀತಾಳ, ಹಳೇ ಕ್ಯಾಲೆಂಡರು ಒಂದೂ ಒಗದಿಲ್ಲ. ಹದಿನಾಲ್ಕೂ ವರ್ಷದ್ದು ಇಳಿಸಿ, ಗಂಡ ಹೋದ ದಿನ ಬಂದ ದಿನ ನೋಡಿ ಕೂಡಿಸ್ಯಾಳ. 163 ದಿನ ಬಂತಂತ. ವಜ್ರದ್ದು ಎಣಿಸೋರು ಇಲ್ಲಂದ್ರ ಇದನ್ನರ ನೋಡ್ರಿ ಅಂತ ಅವನ ಮುಂದ ಇಟ್ಟಾಳ. ಅಣ್ಣ ಕನ್ನಡಕ ಹಾಕ್ಕೊಂಡು ಎರಡು ಸಲ ಕೂಡಿಸಿ ನೋಡಿದನಂತ. ಆಮ್ಯಾಲ ಒಂದು ದಿನದ್ದು ತಕರಾರು ತೆಗೆದ. ಆ ವರ್ಷ ಬಸ್ಸು ಕೆಟ್ಟು ರಾತ್ರಿ ಆದೋನಿಯಾಗ ಉಳಿದಿದ್ದೆ, ಅದನ್ನ ಹಿಡಿಬ್ಯಾಡ ಅಂದನಂತ. ವೈನಿ 163 ಹೊಡೆದು 162 ಅಂತ ಬರದಾಳ.